ನಲವತ್ತೆರಡನೇ ದೋಣಿ

ಬೆಳಗಿನ ಆರು ಗಂಟೆ. ಹೊನ್ನೇಕಟ್ಟೆ ಕೆರೆಯ ಮೇಲೆ ಮಂಜು ಇನ್ನೂ ಸರಿದಿಲ್ಲ. ಏರಿಯ ಮೇಲೆ ಬರುತ್ತಿರುವ ಸಣ್ಣತಿಮ್ಮಯ್ಯನವರ ಸ್ವೆಟರ್ ಕಾಣುವ ಮೊದಲೇ ಅವರ ಕೆಮ್ಮು ಕೇಳಿಸುತ್ತದೆ. ಮೇಲ್ತೂಬಿನ ಹತ್ತಿರ ಚಪ್ಪಲಿ ಬಿಟ್ಟು, ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ, ಪುಷ್ಯ ಮಾಸದ ಆ ನೀರಿಗೆ ಒಂದು ಕ್ಷಣವೂ ಯೋಚಿಸದೆ ಇಳಿಯುತ್ತಾರೆ. ನೋಡುವವರಿಗೇ ಹಲ್ಲು ಕಟಕಟ ಅನ್ನುತ್ತದೆ.

ತೂಬಿನ ಕಲ್ಲುಕಂಬದಲ್ಲಿ ನೀರಿನೊಳಗೆ ಒಂದು ಗೀಟಿದೆ. ತೂಬಿನ ಬಾಯಿ ಇರುವುದು ಆ ಮಟ್ಟಕ್ಕೆ. ತಿಮ್ಮಯ್ಯನವರು ಗೀಟನ್ನು ಕೈಯಲ್ಲೇ ತಡವಿ ಹುಡುಕಿ, ಅಲ್ಲಿಂದ ಮೇಲಕ್ಕೆ ಒಂದರ ಮೇಲೊಂದು ಬೆರಳನ್ನು ಅಡ್ಡ ಇಡುತ್ತಾ ನೀರಿನ ಮೇಲ್ಮೈವರೆಗೆ ಎಣಿಸುತ್ತಾರೆ. ತಪ್ಪಾಯಿತೇನೋ ಎಂದು ಇನ್ನೊಮ್ಮೆ ಎಣಿಸುತ್ತಾರೆ.

“ಇಪ್ಪತ್ತೊಂದು,” ಎನ್ನುತ್ತಾ ಮೇಲೆ ಬಂದು ಟವೆಲ್ಲಿನಲ್ಲಿ ಕಾಲು ಒರೆಸಿಕೊಳ್ಳುತ್ತಾರೆ. “ನಿನ್ನೆ ಇಪ್ಪತ್ತೆರಡಿತ್ತು. ದಿನಕ್ಕೊಂದು ಬೆರಳು ಇಳೀತೈತೆ. ಆರು ಬೆರಳಿಗಿಂತ ಕಮ್ಮಿ ಆಯ್ತು ಅಂದ್ರೆ ಈ ತೂಬಲ್ಲಿ ನೀರು ನುಗ್ಗಲ್ಲ ಕಣ್ರೀ. ಅಲ್ಲಿಗೆ ಮುಗೀತು.”

ಅಳತೆಪಟ್ಟಿಯೊಂದನ್ನು ಕಂಬಕ್ಕೆ ಹೊಡೆದುಬಿಡಬಹುದಲ್ಲ ಎಂದು ಕೇಳಿದರೆ ನಗುತ್ತಾರೆ. “ಪಟ್ಟಿ ಕಿತ್ಕೊಂಡು ಹೋಗೋರು ಅವ್ರೆ. ಬೆರಳು ಕಿತ್ಕೊಂಡು ಹೋಗೋರು ಇನ್ನೂ ಹುಟ್ಟಿಲ್ಲ.”

ಅರವತ್ತಾರು ವರ್ಷದ ಸಣ್ಣತಿಮ್ಮಯ್ಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯ ಈ ಸಣ್ಣ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ತೋಟಕ್ಕೆ ಯಾವಾಗ ನೀರು ಎಂದು ನೋಡಿಕೊಳ್ಳುವ ಕೆಲಸ ಅವರ ಮನೆತನಕ್ಕೆ ತಲೆಮಾರುಗಳಿಂದ ಬಂದದ್ದು. ಹಿಂದೆ ಸುಗ್ಗಿಯಲ್ಲಿ ಮನೆಗೊಂದು ಮೊರ ರಾಗಿ, ತೋಟಕ್ಕೆ ಹತ್ತು ಕಾಯಿ ಎಂದು ನೀರುಗಂಟಿಗೆ ಆಯ ಸಲ್ಲುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ ತೂಬಿನ ಕಡೆ ತಿರುಗಿ ನೋಡುವವರೇ ಇಲ್ಲವಾದರು, ಆಯವೂ ನಿಂತಿತು. ತಿಮ್ಮಯ್ಯನವರು ಹೊಟ್ಟೆಪಾಡಿಗೆ ಗಾರೆ ಕೆಲಸ ಕಲಿತರು. ಇವತ್ತಿಗೂ ಒಂಬತ್ತು ಗಂಟೆಗೆ ಕರಣೆ, ಮಟ್ಟಗೋಲು ಹಿಡಿದು ಯಾರದೋ ಮನೆಯ ಗೋಡೆ ಕಟ್ಟಲು ಹೋಗುತ್ತಾರೆ. ಆದರೆ ಬೆಳಗಿನ ಆರರಿಂದ ಒಂಬತ್ತರವರೆಗೆ ಮೂರು ಗಂಟೆ ಮಾತ್ರ ಅವರು ಇನ್ನೂ ನೀರುಗಂಟಿಯೇ. ಆ ಮೂರು ಗಂಟೆಗೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳಿಯೂ ಇಲ್ಲ.

ಆ ಹೊತ್ತೆಲ್ಲ ಹೋಗುವುದು ದೋಣಿಸಾಲಿಗೆ.

ಮೇಲ್ತೂಬಿನ ಆಚೆ ಒಂದು ಹಳ್ಳ. ಹಳ್ಳದ ಆಚೆ ದಿಣ್ಣೆ, ದಿಣ್ಣೆಯ ಮೇಲೆ ಒಂದು ಹಳೆಯ ಕಲ್ಯಾಣಿ, ಅದರ ಕೆಳಗೆ ಊರಿನ ಅತ್ಯಂತ ಹಳೆಯ ತೆಂಗಿನ ತೋಟಗಳು. ಕೆರೆಯಿಂದ ಕಲ್ಯಾಣಿಗೆ ನೀರು ಹೋಗಬೇಕಾದರೆ ಹಳ್ಳವನ್ನು ಗಾಳಿಯಲ್ಲೇ ದಾಟಬೇಕು. ಅದಕ್ಕೆಂದು ಯಾರೋ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಜೋಡಿ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ಮೇಲೆ ಏಳೇಳು ಅಡಿ ಉದ್ದದ, ನಡುವೆ ಕೊರೆದ ಕಲ್ಲಿನ ತೊಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಕೂರಿಸಿದ್ದಾರೆ. ಒಂದೊಂದು ತೊಟ್ಟಿಗೂ ಊರಿನವರು ದೋಣಿ ಎನ್ನುತ್ತಾರೆ. ಒಟ್ಟು ನಲವತ್ತನಾಲ್ಕು ದೋಣಿ. ಹಳ್ಳದ ನಡುವೆ ಕಂಬಗಳು ಎರಡಾಳು ಎತ್ತರ, ಕಲ್ಯಾಣಿಯ ಹತ್ತಿರ ಬರುಬರುತ್ತಾ ಎದೆಮಟ್ಟ. ಕಟ್ಟಿಸಿದ್ದು ಯಾರು ಎಂದು ಹೇಳುವ ಒಂದು ಅಕ್ಷರವೂ ಆ ಕಲ್ಲುಗಳ ಮೇಲಿಲ್ಲ.

ತಿಪಟೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವ ರಾಧಾಮಣಿ ಎರಡು ವರ್ಷದ ಹಿಂದೆ ಇದನ್ನು ಅಳೆಯಲು ಬಂದಿದ್ದರು. ಹೋಗುವ ಮುಂಚೆ ತಿಮ್ಮಯ್ಯನವರಿಗೆ ಮೊಬೈಲಿನಲ್ಲಿ ರೋಮಿನವರು ಕಟ್ಟಿದ್ದ ಮೇಲ್ಗಾಲುವೆಗಳ ಚಿತ್ರ ತೋರಿಸಿದರು. ಬಯಲಿನ ಹೊಲಗಳ ನಡುವೆ ಸಾಲಾಗಿ ನಿಂತ ಕಲ್ಲಿನ ಕಮಾನುಗಳು. ಕೆಲವು ಮುರಿದಿವೆ, ಕೆಲವುಗಳ ಮೇಲೆ ಹುಲ್ಲು ಬೆಳೆದಿದೆ. ಎರಡು ಸಾವಿರ ವರ್ಷದ್ದು ಎಂದರೂ ತಿಮ್ಮಯ್ಯನವರು ಬೆರಗಾಗಲಿಲ್ಲ. ಚಿತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡು, “ಸಂದಿಗೆ ಏನ್ ತುಂಬವ್ರೆ?” ಎಂದು ಕೇಳಿದರು. ಆಮೇಲೆ, “ತೂಬು ತೆಗೆಯೋನು ಯಾರು?” ಎಂದರು.

“ಈಗ ಅದರಲ್ಲಿ ನೀರು ಹರಿಯಲ್ಲ ತಿಮ್ಮಯ್ಯನವರೇ. ಜನ ಸುಮ್ಮನೆ ನೋಡೋಕೆ ಬರ್ತಾರೆ,” ಎಂದರು ರಾಧಾಮಣಿ.

“ಅಯ್ಯೋ ಪಾಪ,” ಎಂದು ತಿಮ್ಮಯ್ಯನವರು ಮೊಬೈಲನ್ನು ವಾಪಸ್ಸು ಕೊಟ್ಟರಂತೆ. ಈ ಕತೆಯನ್ನು ರಾಧಾಮಣಿ ತಮ್ಮ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಾರೆ.

ದೋಣಿಸಾಲಿನಲ್ಲೂ ನೀರು ಹರಿದು ಎಪ್ಪತ್ತು ವರ್ಷವಾಗಿದೆ. ತಿಮ್ಮಯ್ಯನವರು ಅದನ್ನು ಕಣ್ಣಾರೆ ಕಂಡವರಲ್ಲ. ಅವರಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಹದಿನೇಳು ದೋಣಿಗಳು ಕಂಬದ ಮೇಲೆ ಇರಲೇ ಇಲ್ಲ. ಕಳ್ಳರು ಕದ್ದರು, ದಂಡಿನವರು ಒಯ್ದರು ಎಂದೆಲ್ಲ ಊರಿನಲ್ಲಿ ಹೇಳುವುದುಂಟು. ನಿಜ ಗೊತ್ತಿರುವುದು ದೋಣಿ ಹೋಗಿ ಸೇರಿದ ಮನೆಗಳಿಗೆ ಮತ್ತು ತಿಮ್ಮಯ್ಯನವರ ಮನೆಗೆ ಮಾತ್ರ.

“ಕದ್ದಿದ್ದಲ್ಲ ಕಣ್ರೀ,” ಎನ್ನುತ್ತಾರೆ ಅವರು, ಹನ್ನೆರಡನೇ ಕಂಬದ ನೆರಳಿನಲ್ಲಿ ಕೂತು. “ನಮ್ಮಪ್ಪನೇ ಹಂಚಿದ್ದು.”

ಅಪ್ಪನೂ ನೀರುಗಂಟಿಯೇ. ಆಗ ಮೇಲಿಂದ ಮೇಲೆ ಮಳೆ ಕೈಕೊಟ್ಟು ಕೆರೆ ಮೇಲ್ತೂಬಿನ ಮಟ್ಟ ಮುಟ್ಟಿ ವರ್ಷಗಳೇ ಆಗಿದ್ದವು. ದೋಣಿಸಾಲು ಒಣಗಿ, ಓತಿಕ್ಯಾತಗಳಿಗೆ ಓಡಾಡುವ ದಾರಿಯಾಗಿತ್ತು. ಅದೇ ಕಾಲಕ್ಕೆ ತಿಮ್ಮಯ್ಯ ಹುಟ್ಟಿದರು. ಹೆತ್ತ ತಾಯಿ ಜ್ವರ ಹಿಡಿದು ಮೂರು ತಿಂಗಳು ಏಳಲಿಲ್ಲ, ಎದೆಹಾಲು ಬತ್ತಿತು. ದಿಣ್ಣೆಯ ಪಕ್ಕದ ತೋಟದ ಮನೆಯ ಹಿರಿಯಮ್ಮ ಪ್ರತಿದಿನ ಎರಡು ಹೊತ್ತು ಒಂದು ಚೊಂಬು ಹಸುವಿನ ಹಾಲು ಕಳಿಸಿದರು. ಕೂಸು ಉಳಿಯಿತು. ಅಪ್ಪನ ಹತ್ತಿರ ಕೊಡಲು ಏನಿತ್ತು? ಕಲ್ಯಾಣಿಯ ಹತ್ತಿರ, ಕಂಬ ಗಿಡ್ಡ ಇರುವಲ್ಲಿ, ನಲವತ್ತೆರಡನೇ ದೋಣಿಯನ್ನು ಇಳಿಸಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿ ಆ ಮನೆಯ ಕೊಟ್ಟಿಗೆಯ ಮುಂದೆ ಇಟ್ಟು ಬಂದ. ದನಗಳು ನೀರು ಕುಡಿಯುವ ಕಲ್ಬಾನಿಗೆ ಅದಕ್ಕಿಂತ ಒಳ್ಳೆಯ ಕಲ್ಲು ಎಲ್ಲಿ ಸಿಗಬೇಕು?

ಒಂದು ಮನೆಗೆ ಕೊಟ್ಟ ಮೇಲೆ ಊರು ಸುಮ್ಮನಿರುತ್ತದೆಯೇ? ಅವರಿಗೆ ಕೊಟ್ಟೆಯಲ್ಲ, ನಮಗೇನು ಕೇಡು ಎಂದು ಒಬ್ಬೊಬ್ಬರಾಗಿ ಬಂದರು. ದಾಕ್ಷಿಣ್ಯದ ಮನುಷ್ಯ, ಇಲ್ಲ ಎನ್ನಲು ಬಾರದೆ ಹದಿನೇಳು ದೋಣಿ ಇಳಿಸಿಕೊಟ್ಟ. ಹಾಗೆ ನೀರನ್ನು ಕಾಯಬೇಕಾದವನೇ ನೀರಿನ ದಾರಿಯನ್ನು ಹಂಚಿಬಿಟ್ಟ.

“ನನ್ ಹೊಟ್ಟೆಗೆ ಹಾಲು ಬಿದ್ದಿದ್ದಕ್ಕೆ ಸಾಲು ಮುರೀತು,” ಎನ್ನುವಾಗ ತಿಮ್ಮಯ್ಯನವರ ದನಿ ಏರುವುದಿಲ್ಲ. ಆದರೆ ಈ ಮಾತು ಅವರನ್ನು ಜೀವಮಾನವಿಡೀ ಕುಟುಕಿದೆ ಎಂಬುದು ಗೊತ್ತಾಗುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ಅವರು ಅಪ್ಪ ಹಂಚಿದ್ದನ್ನು ಒಟ್ಟುಗೂಡಿಸಲು ಶುರುಮಾಡಿದರು. ಅದಕ್ಕೊಂದು ಪದ್ಧತಿ ಇಟ್ಟುಕೊಂಡರು. ದೋಣಿ ಇರುವ ಮನೆಗೆ ಹೋಗುವುದು, ಕೊಡಿ ಎಂದು ಕೇಳುವುದು, ಕೊಟ್ಟರೆ ಅದೇ ಜಾಗದಲ್ಲಿ ದನಕ್ಕೆ ಸಿಮೆಂಟಿನ ತೊಟ್ಟಿಯನ್ನು ತಾವೇ ಕಟ್ಟಿಕೊಡುವುದು. ಒಂದು ದೋಣಿ ಬಟ್ಟೆ ಒಗೆಯುವ ಕಲ್ಲಾಗಿ ಬೋರಲು ಬಿದ್ದಿತ್ತು. ಒಂದರಲ್ಲಿ ಡೈರಿಯ ಮುಂದೆ ದಾಸವಾಳ ಬೆಳೆಸಿದ್ದರು. ಇನ್ನೊಂದು, ಅರಳಗುಪ್ಪೆಗೆ ಮದುವೆಯಾಗಿ ಹೋದ ಹೆಣ್ಣುಮಗಳ ಹಿಂದೆ, ಬಳುವಳಿಯ ಹಸುವಿನ ಜೊತೆಯಲ್ಲಿ ಗಾಡಿ ಹತ್ತಿ ಹೋಗಿಬಿಟ್ಟಿತ್ತು. ಆ ಹೆಣ್ಣುಮಗಳು ಈಗ ಮೊಮ್ಮಕ್ಕಳನ್ನು ಕಂಡ ಅಜ್ಜಿ. ತವರಿನ ಕಲ್ಲು ಬಿಡೆನೆಂದು ಎರಡು ವರ್ಷ ಸತಾಯಿಸಿ, ಮೂರನೇ ವರ್ಷ ಅರಿಶಿನ ಕುಂಕುಮ ಹಚ್ಚಿ ಕಳಿಸಿಕೊಟ್ಟರು.

ಹೀಗೆ ಹದಿನಾರು ದೋಣಿ ಬಂದವು. ಬಂದದ್ದನ್ನು ಕಂಬಕ್ಕೆ ಏರಿಸಲು ಊರಿನ ರಂಗನಾಥ್ ಎಂಬುವರ ಟ್ರ್ಯಾಕ್ಟರ್, ಒಂದು ಚೈನ್‌ಪುಲ್ಲಿ, ಎಂಟು ಆಳು ಬೇಕು. ಏರಿಸಿದ ಮೇಲೆ ಲೆವೆಲ್ ಟ್ಯೂಬ್ ಹಿಡಿದು ಮಟ್ಟ ನೋಡುವುದು ತಿಮ್ಮಯ್ಯನವರೊಬ್ಬರೇ. ಒಂದು ದೋಣಿಯಿಂದ ಮುಂದಿನದಕ್ಕೆ ಎಷ್ಟು ಇಳಿಜಾರು? “ಒಂದು ಅಕ್ಕಿಕಾಳು,” ಎನ್ನುತ್ತಾರೆ. ಕಾಳಿಗಿಂತ ಜಾಸ್ತಿಯಾದರೆ ನೀರು ಓಡುತ್ತದೆ, ಓಡಿದರೆ ಸಂದು ಕೊರೆಯುತ್ತದೆ. ಕಡಿಮೆಯಾದರೆ ನಿಲ್ಲುತ್ತದೆ.

ಸಂದು ಮುಚ್ಚುವುದೇ ಈ ಕೆಲಸದ ಜೀವಾಳ. ಶುರುವಿನಲ್ಲಿ, ಗಾರೆ ಕೆಲಸದವನಲ್ಲವೇ ನಾನು ಎಂಬ ಜಂಬದಲ್ಲಿ ಹನ್ನೆರಡನೇ ಸಂದಿಗೆ ಸಿಮೆಂಟು ತುಂಬಿದ್ದರು. ಒಂದೇ ಬೇಸಿಗೆ. ಬಿಸಿಲಿಗೆ ಕಲ್ಲು ಹಿಗ್ಗಿತು, ಸಿಮೆಂಟು ಜಗ್ಗಲಿಲ್ಲ, ದೋಣಿಯ ತುಟಿ ಅಂಗೈಯಗಲ ಒಡೆದು ಕೆಳಗೆ ಬಿತ್ತು. ಆ ಮುರಿದ ತುಟಿಯನ್ನು ಬಂದವರಿಗೆಲ್ಲ ಅವರೇ ಕರೆದು ತೋರಿಸುತ್ತಾರೆ. “ಇದು ನಾನ್ ಮಾಡಿದ್ದು. ಹಿಂದಿನೋರು ಮಾಡಿದ್ದಲ್ಲ, ತಪ್ಪು ತಿಳ್ಕಬ್ಯಾಡಿ.”

ಆಮೇಲೆ ಹಳೆಯ ಸಂದಿಗಳನ್ನು ಕೆರೆದು ನೋಡಿದಾಗ ಸಿಕ್ಕಿದ್ದು ತೆಂಗಿನ ನಾರು. ಕಾಯಿ ಸುಲಿದ ಮಟ್ಟೆಯನ್ನು ಕೆರೆಯಂಚಿನ ಕೆಸರಿನಲ್ಲಿ ಎರಡು ತಿಂಗಳು ಹೂತಿಟ್ಟು, ಬಡಿದು ನಾರು ತೆಗೆದು, ಸುಣ್ಣದ ತಿಳಿಯಲ್ಲಿ ನೆನೆಸಿ ಸಂದಿಗೆ ಬಿಗಿಯಾಗಿ ತುರುಕಬೇಕು. ಮೇಲೆ ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಅರೆದ ಗಾರೆ. ಕಲ್ಲು ಹಿಗ್ಗಿದರೆ ನಾರು ಕುಗ್ಗುತ್ತದೆ, ಕಲ್ಲು ಕುಗ್ಗಿದರೆ ನಾರು ಹಿಗ್ಗುತ್ತದೆ. ಒಂದು ಸಂದಿಗೆ ಎರಡು ಹಿಡಿ ನಾರು, ಒಂದು ಬಾಂಡ್ಲಿ ಗಾರೆ, ಎರಡು ಬೆಳಗು. ನಾರು ಬಡಿಯುವುದು ಹೆಂಡತಿ ರಂಗಮ್ಮನವರ ಪಾಲಿನ ಕೆಲಸ. “ಇವ್ರಿಗೆ ಇಪ್ಪತ್ತೆರಡು ವರ್ಷದಿಂದ ನಾರು ಬಡ್ದೂ ಬಡ್ದೂ ನನ್ ಕೈಯೇ ನಾರಾಯ್ತು,” ಎಂದು ಅವರು ನಗುತ್ತಲೇ ಬೈಯುತ್ತಾರೆ.

ಈ ವರ್ಷ ಹೇಮಾವತಿ ನಾಲೆಯ ನೀರು ಸೇರಿ, ಹಿಂಗಾರು ಮಳೆಯೂ ಕೂಡಿಬಂದು ಕೆರೆ ಕೋಡಿ ಬಿದ್ದಿತು. ಮೇಲ್ತೂಬು ಮುಳುಗಿತು. ತಿಮ್ಮಯ್ಯನವರು ಕಾದು ಕುಳಿತಿದ್ದ ದಿನ ಬಂದಿತ್ತು. ಆದರೆ ಸಾಲಿನಲ್ಲಿ ಒಂದು ದೋಣಿ ಇನ್ನೂ ಇರಲಿಲ್ಲ. ಅದೇ ನಲವತ್ತೆರಡನೆಯದು, ಅಪ್ಪ ಮೊದಲು ಕೊಟ್ಟದ್ದು. ಅದು ಎಲ್ಲಿದೆ ಎಂದು ಹುಡುಕಬೇಕಾದ್ದೇ ಇಲ್ಲ. ಕಲ್ಯಾಣಿಯಿಂದ ಕೂಗಳತೆಯಲ್ಲಿ, ಸದಾಶಿವಯ್ಯನವರ ತೋಟದ ಮನೆಯ ಕೊಟ್ಟಿಗೆಯ ಮುಂದೆ, ದಿನಾ ಕಣ್ಣಿಗೆ ಬೀಳುವಂತೆ ಬಿದ್ದಿದೆ. ಹಾಲು ಕಳಿಸಿದ ಹಿರಿಯಮ್ಮ ಈಗಿಲ್ಲ. ಸದಾಶಿವಯ್ಯ ಆಕೆಯ ಮಗ, ಕೊಬ್ಬರಿ ಬೆಳೆಗಾರರು. ಮನೆ ನಡೆಸುವವರು ಅವರ ಹೆಂಡತಿ ಗಿರಿಜಾಂಬಿಕಾ. ಆ ಮನೆಯಲ್ಲಿ ಕರು ಹುಟ್ಟಿದರೆ ಹನ್ನೊಂದನೇ ದಿನ ಆ ಕಲ್ಲಿಗೆ ವಿಭೂತಿ ಹಚ್ಚಿ, ಮೊದಲ ನೀರನ್ನು ಅದರಲ್ಲೇ ಕುಡಿಸುತ್ತಾರೆ.

ಅರಳಗುಪ್ಪೆಗೆ ಮೂರು ವರ್ಷ ಅಲೆದ ಮನುಷ್ಯ ಈ ಮನೆಯ ಹೊಸ್ತಿಲು ತುಳಿದಿಲ್ಲ. ಹದಿನಾರು ಮನೆಯಲ್ಲಿ ಕೇಳಲು ಬಂದ ಬಾಯಿ ಇಲ್ಲಿ ಬರುವುದಿಲ್ಲ. ಉಳಿದವರು ಕೇಳಿ ಪಡೆದವರು, ಅವರಿಂದ ವಾಪಸ್ಸು ಕೇಳುವುದರಲ್ಲಿ ತಪ್ಪಿಲ್ಲ. ಇದು ಹಾಗಲ್ಲ. “ಆ ಹಾಲು ನಾನು ವಾಪಸ್ ಕೊಡೋಕಾಯ್ತದಾ? ಆಮ್ಯಾಕೆ ಕಲ್ಲು ಹೆಂಗ್ರೀ ಕೇಳ್ಲಿ?” ಎನ್ನುತ್ತಾರೆ.

ರಂಗನಾಥ್ ಸುಲಭದ ದಾರಿ ಹೇಳಿದರು. “ಒಂದು ಪಿವಿಸಿ ಪೈಪ್ ಸೀಳಿ ಇಟ್ಬುಡು ಕಣಣ್ಣ. ಏಳಡಿ ಜಾಗಕ್ಕೆ ಯಾಕಿಷ್ಟು ಒದ್ದಾಡ್ತೀಯ?” ತಿಮ್ಮಯ್ಯನವರು ಒಪ್ಪಲಿಲ್ಲ. ಪೈಪಿನ ನೀರು ಮನೆಮನೆಯಲ್ಲೂ ಬರುತ್ತದೆ, ಅದನ್ನು ನೋಡಲು ಇಪ್ಪತ್ತೆರಡು ವರ್ಷ ಕಾಯಬೇಕಿತ್ತೇ ಎಂದರು. ಕೊನೆಗೆ ಸಿಡಿಲು ಬಡಿದ ಹಳೆಯ ತೆಂಗಿನ ಮರವೊಂದನ್ನು ಕೇಳಿ ತಂದು, ಏಳಡಿಗೆ ಕೊಯ್ದು, ಒಳಗಿನ ಮೆತ್ತನೆಯ ತಿರುಳನ್ನು ಬಾಚಿಯಲ್ಲಿ ಕೆತ್ತಿ ಒಂದು ದೋಣಿ ಮಾಡಿದರು. ಮರದ್ದಾದರೂ ಊರಿನದೇ ಮರ ಎಂದು ಸಮಾಧಾನ ಮಾಡಿಕೊಂಡರು.

ನೀರು ಹದಿನಾಲ್ಕು ಬೆರಳಿಗೆ ಇಳಿದ ಬೆಳಿಗ್ಗೆ ಮೇಲ್ತೂಬು ತೆಗೆಯುತ್ತಾರೆ. ನೀರು ಮೊದಲನೇ ದೋಣಿಗೆ ಇಳಿದು, ಕಸ ಕಡ್ಡಿ ತಳ್ಳಿಕೊಂಡು ನಿಧಾನವಾಗಿ ಹೊರಡುತ್ತದೆ. ತಿಮ್ಮಯ್ಯನವರು ಕೆಳಗೆ ಅದರ ಜೊತೆಜೊತೆಗೆ ನಡೆಯುತ್ತಾರೆ, ಪ್ರತಿ ಸಂದಿನ ಕೆಳಗೂ ಅಂಗೈ ಒಡ್ಡಿ ನೋಡುತ್ತಾರೆ. ಹಳ್ಳದ ನಡುವೆ ಕೈ ಎಟುಕದಲ್ಲಿ ಮುಖ ಮೇಲೆತ್ತಿ ನಿಲ್ಲುತ್ತಾರೆ. ನೀರು ಹಳ್ಳ ದಾಟುತ್ತದೆ. ನಲವತ್ತೊಂದನೇ ದೋಣಿಯಲ್ಲಿ ತುಂಬಿ, ಮರದ ದೋಣಿಗೆ ಇಳಿಯುತ್ತದೆ. ಅಲ್ಲಿಗೆ ಎಲ್ಲ ಕೆಡುತ್ತದೆ. ಸುಣ್ಣಕ್ಕೂ ತೆಂಗಿನ ಮರಕ್ಕೂ ಒಗ್ಗುವುದಿಲ್ಲ. ಗಾರೆ ಕಿತ್ತು ಬರುತ್ತದೆ, ಮರದ ದೋಣಿ ಭಾರಕ್ಕೆ ಒಂದು ಮಗ್ಗುಲಿಗೆ ವಾಲುತ್ತದೆ, ನೀರೆಲ್ಲ ನೆಲಕ್ಕೆ ಸುರಿದು ಸದಾಶಿವಯ್ಯನವರ ತೋಟದ ಕಡೆಗೆ ಹರಿದು ಹೋಗುತ್ತದೆ. ಕಲ್ಯಾಣಿಯ ಮೆಟ್ಟಿಲುಗಳು ಇನ್ನು ಹದಿನಾಲ್ಕೇ ಅಡಿ ದೂರದಲ್ಲಿ ಒಣಗಿ ನಿಂತಿವೆ.

ತಿಮ್ಮಯ್ಯನವರು ತೂಬು ಮುಚ್ಚಿ ಬಂದು ಅಲ್ಲೇ ಕೂರುತ್ತಾರೆ. ಅವತ್ತು ಗಾರೆ ಕೆಲಸಕ್ಕೂ ಹೋಗುವುದಿಲ್ಲ. ರಂಗಮ್ಮ ಮುದ್ದೆ ಸಾರು ತಂದಿಟ್ಟು, “ಹೋಗಿ ಒಂದ್ ಮಾತು ಕೇಳಿ ಅಂದ್ರೆ ಕೇಳಲ್ಲ. ನಿಮ್ ಮರ್ವಾದೆ ಹಿಡ್ಕೊಂಡು ಇಲ್ಲೇ ಕುಂತಿರಿ,” ಎನ್ನುತ್ತಾರೆ. ಅವರಿಗೂ ಅಳು ಬಂದಿದೆ.

ಮಾರನೆಯ ಬೆಳಿಗ್ಗೆ, ಹದಿಮೂರು ಬೆರಳು. ತಿಮ್ಮಯ್ಯನವರು ವಾಲಿದ ಮರದ ದೋಣಿಯನ್ನು ಹಗ್ಗ ಕಟ್ಟಿ ಇಳಿಸುತ್ತಿರುವಾಗ ತೋಟದ ಬೇಲಿಯ ಕಡೆಯಿಂದ ಗಿರಿಜಾಂಬಿಕಾ ಬರುತ್ತಾರೆ. ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ಆಗತಾನೆ ಇಟ್ಟ ವಿಭೂತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಮುಖ ನೋಡಿದರೆ ಜಗಳಕ್ಕೇ ಬಂದ ಹಾಗಿದೆ. ತೋಟಕ್ಕೆ ನೀರು ನುಗ್ಗಿದ್ದಕ್ಕೆ ಬಂದರೆಂದು ತಿಮ್ಮಯ್ಯನವರು ಹಗ್ಗ ಬಿಟ್ಟು ಕೈ ಕಟ್ಟಿ ನಿಲ್ಲುತ್ತಾರೆ.

“ಏನಪ್ಪ ತಿಮ್ಮಯ್ಯ, ನಮ್ಮನೆ ಏನು ಊರಾಚೆ ಐತಾ?”

“ಯಾಕ್ರವ್ವಾ, ತೋಟಕ್ಕೆ ನೀರು ಬಂತಾ?”

“ನೀರಿನ ಮನೆ ಹಾಳಾಯ್ತು! ಹದಿನಾರು ಮನೇಗೋಗಿ ಕಲ್ಲು ಕೇಳ್ದೆ. ನಮ್ಮನೆ ಮುಂದೆ ದಿನಾ ಓಡಾಡ್ತೀಯ, ತಲೆ ಬಗ್ಗಿಸ್ಕೊಂಡು ಹೋಗ್ತೀಯ. ಇವ್ರು ಕೊಡೋ ಪೈಕಿ ಅಲ್ಲ ಅಂತ ನೀನೇ ತೀರ್ಮಾನ ಮಾಡ್ಬುಟ್ಯಾ? ಅಷ್ಟು ಜಿಪುಣರ ಥರ ಕಂಡ್ವಾ ನಾವು?”

ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದ ಮಾತು. ಊರಿನಲ್ಲಿ ಎಲ್ಲರ ಮನೆಗೂ ಬಂದ ನೀರುಗಂಟಿ ತಮ್ಮ ಮನೆಯನ್ನು ಮಾತ್ರ ಬಿಟ್ಟನಲ್ಲ ಎಂಬುದು ಗಿರಿಜಾಂಬಿಕಾರಿಗೆ ಸಣ್ಣ ನೋವಲ್ಲ.

“ಹಂಗಲ್ಲ ಕಣ್ರವ್ವಾ,” ತಿಮ್ಮಯ್ಯನವರು ತಡವರಿಸುತ್ತಾರೆ. “ಅದು ಹಾಲಿಗೆ ನಮ್ಮಪ್ಪ ಕೊಟ್ಟಿದ್ದು. ಕೊಟ್ಟಿದ್ನ ವಾಪಸ್ ಕೇಳೋಕೆ ಬಾಯಿ ಬರ್ಲಿಲ್ಲ.”

“ಹಾಲಿಗೆ ಯಾರಾದ್ರೂ ಕಲ್ಲು ತಗೊಂತಾರಾ? ನಮ್ಮತ್ತೆ ಬ್ಯಾಡ ಬ್ಯಾಡ ಅಂದ್ರೂ ನಿಮ್ಮಪ್ಪ ಗಾಡೀಲಿ ತಂದು ಇಳಿಸ್ಬುಟ್ಟು ಹೋದ್ರಂತೆ. ಸಾಯೋಗಂಟ ನಮ್ಮತ್ತೆ ಹೇಳೋರು, ಅದು ನಮ್ದಲ್ಲ ಕಣೇ, ನೀರುಗಂಟೀದು, ಬಂದು ಕೇಳಿದ್ ದಿನ ಕೊಟ್ಬುಡು ಅಂತ.”

“ಹಂಗಾರೆ ಒಂದು ಮಾತು ನೀವಾದ್ರೂ...”

“ಹೆಂಗಪ್ಪ ಹೇಳ್ಲಿ? ಕೇಳ್ದೆ ವಾಪಸ್ ಕಳ್ಸುದ್ರೆ, ನೀವು ಕೊಟ್ಟಿದ್ದು ನಮಗೆ ಬ್ಯಾಡ ಅಂತ ಮುಖಕ್ಕೆ ಎಸ್ದಂಗಾಗಲ್ವಾ?”

ಒಬ್ಬರು ಕೇಳಿದರೆ ಮರ್ಯಾದೆ ಹೋಗುತ್ತದೆಂದು ಕೇಳಲಿಲ್ಲ, ಇನ್ನೊಬ್ಬರು ಕೇಳದೆ ಕೊಟ್ಟರೆ ಮರ್ಯಾದೆ ಕಳೆದಂತೆಂದು ಕೊಡಲಿಲ್ಲ. ಬೇರೆ ಯಾವ ಸೀಮೆಯವರಾದರೂ ಒಂದು ವಾರದಲ್ಲಿ ಜಗಳವಾಡಿಯೋ ನಕ್ಕೋ ಮುಗಿಸುತ್ತಿದ್ದ ವಿಷಯ ಇದು. ಇಲ್ಲಿ ಎರಡು ಒಳ್ಳೆಯ ಮನೆಗಳ ನಡುವೆ ಇಪ್ಪತ್ತೆರಡು ವರ್ಷ ಸಿಕ್ಕಿಕೊಂಡಿತ್ತು.

“ಈಗ್ಲಾದ್ರೂ ಕೇಳ್ತೀಯೋ ಇಲ್ವೋ?” ಎನ್ನುತ್ತಾರೆ ಗಿರಿಜಾಂಬಿಕಾ.

ತಿಮ್ಮಯ್ಯನವರು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ. “ನಮ್ ದೋಣಿ ಕೊಡ್ರವ್ವಾ,” ಎಂದಾಗ ಅವರ ದನಿ ಅವರಿಗೇ ಕೇಳಿಸಿತೋ ಇಲ್ಲವೋ.

“ತಗೊಂಡೋಗಪ್ಪ.”

ಅವತ್ತೇ ಸಂಜೆಯೊಳಗೆ ರಂಗನಾಥ್ ಅವರ ಟ್ರ್ಯಾಕ್ಟರ್ ಕೊಟ್ಟಿಗೆಯ ಮುಂದೆ ನಿಲ್ಲುತ್ತದೆ. ಸದಾಶಿವಯ್ಯ ಅಂಗಳದಲ್ಲಿ ಕೊಬ್ಬರಿ ಆರಿಸುತ್ತಾ ಕೂತವರು ಕೈ ಒದರಿಕೊಂಡು ಎದ್ದು ಬಂದು ತಾವೂ ಹಗ್ಗಕ್ಕೆ ಕೈ ಹಾಕುತ್ತಾರೆ. “ಈ ಕಲ್ಲಿನ ಸುದ್ದಿ ಎತ್ತಕೂಡದು ಅಂತ ಇವ್ಳು ನನ್ ಬಾಯಿಗೇ ಬೀಗ ಹಾಕಿದ್ಲು ಕಣಪ್ಪ,” ಎನ್ನುತ್ತಾರೆ, ಹೆಂಡತಿಗೆ ಕೇಳಿಸುವಷ್ಟೇ ಜೋರಾಗಿ. ದನಗಳಿಗೆ ಸಿಮೆಂಟಿನ ತೊಟ್ಟಿ ಕಟ್ಟಿಕೊಡುತ್ತೇನೆಂದು ತಿಮ್ಮಯ್ಯನವರು ಹೇಳಿದರೆ ಗಿರಿಜಾಂಬಿಕಾ ಒಪ್ಪುವುದಿಲ್ಲ. ಆ ತೆಂಗಿನ ಮರದ್ದೇ ತಂದಿಡು, ಕರುವಿಗೆ ಅದೇ ಸಾಕು ಎನ್ನುತ್ತಾರೆ. ಮರದ ದೋಣಿಯ ಎರಡು ತುದಿಗೂ ಹಲಗೆ ಬಡಿದು ಕೊಟ್ಟಿಗೆಯ ಮುಂದೆ ಇಡುತ್ತಾರೆ. ಎರಡು ದಿನ ನೆನೆದು ಮರ ಉಬ್ಬಿದ ಮೇಲೆ ಅದು ಒಂದು ಹನಿಯನ್ನೂ ಸೋರಿಸುವುದಿಲ್ಲ.

ನಲವತ್ತೆರಡನೇ ದೋಣಿ ಕಂಬದ ಮೇಲೆ ಕೂತಾಗ ಹನ್ನೊಂದು ಬೆರಳು. ಅಕ್ಕಿಕಾಳಿನ ಲೆಕ್ಕ ತಪ್ಪಿರಲಿಲ್ಲ. ಅರವತ್ತೈದು ವರ್ಷ ದನಗಳ ನಾಲಿಗೆ ಸವರಿ ಸವರಿ ಅದರ ಅಂಚು ಮಾತ್ರ ಉಳಿದ ದೋಣಿಗಳಿಗಿಂತ ನುಣುಪಾಗಿದೆ. ರಂಗಮ್ಮ ಬಡಿದಿಟ್ಟ ಕೊನೆಯ ಎರಡು ಸಂದಿನ ನಾರನ್ನು ತುಂಬಿ ಗಾರೆ ಬಳಿಯುತ್ತಾರೆ. ಗಾರೆ ಬಿಗಿಯಲು ಮೂರು ದಿನವಾದರೂ ಬೇಕು. ಆ ಮೂರು ದಿನ ತಿಮ್ಮಯ್ಯನವರು ಗಾರೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಾ ಅಲ್ಲೇ ಸುಳಿದಾಡುತ್ತಾರೆ. ಹತ್ತು. ಒಂಬತ್ತು. ಎಂಟು.

ಎಂಟು ಬೆರಳಿನ ಬೆಳಿಗ್ಗೆ ತೂಬು ತೆಗೆಯುತ್ತಾರೆ. ಊರಿಗೆ ಹೇಳಿರಲಿಲ್ಲ, ಆದರೂ ನಲವತ್ತು ಐವತ್ತು ಜನ ಕಲ್ಯಾಣಿಯ ಮೆಟ್ಟಿಲ ಮೇಲೆ ಸೇರಿದ್ದಾರೆ. ತಿಪಟೂರಿನಿಂದ ರಾಧಾಮಣಿ ಮೊದಲ ಬಸ್ಸಿಗೇ ಬಂದಿದ್ದಾರೆ. ನೀರು ಈ ಸಲ ಹದಿನಾಲ್ಕು ಬೆರಳಿನ ದಿನದ ಹಾಗೆ ಧಾರಾಳವಾಗಿಲ್ಲ, ದೋಣಿಯ ತಳದಲ್ಲಿ ನಾಲ್ಕು ಬೆರಳು ಆಳಕ್ಕೆ ಮೆಲ್ಲಗೆ ಬರುತ್ತದೆ. ಹಳ್ಳ ದಾಟುವುದಕ್ಕೇ ಸುಮಾರು ಹೊತ್ತು ಹಿಡಿಯುತ್ತದೆ. ನಲವತ್ತೊಂದನೆಯದು ತುಂಬುತ್ತದೆ. ನಲವತ್ತೆರಡನೆಯದಕ್ಕೆ ಇಳಿಯುತ್ತದೆ. ಒಂದು ಕ್ಷಣ ಅಲ್ಲೇ ನಿಂತ ಹಾಗೆ ಕಾಣುತ್ತದೆ. ಆಮೇಲೆ ನಲವತ್ತಮೂರು, ನಲವತ್ತನಾಲ್ಕು, ಕೊನೆಗೆ ಕಲ್ಯಾಣಿಯ ಮೇಲಿನ ಮೆಟ್ಟಿಲಿಗೆ ಒಂದು ಎಳೆ ನೀರು ಬಿದ್ದು ಕಲ್ಲು ಕಪ್ಪಗಾಗುತ್ತದೆ.

ಜನ ಹೋ ಎಂದು ಕೂಗುತ್ತಾರೆ. ಗಿರಿಜಾಂಬಿಕಾ ಬೊಗಸೆ ಒಡ್ಡಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ರಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾರೆ. ತಿಮ್ಮಯ್ಯನವರು ಮಾತ್ರ ಕಲ್ಯಾಣಿಯ ಹತ್ತಿರ ಇಲ್ಲ. ನಲವತ್ತೆರಡನೇ ದೋಣಿಯ ಕೆಳಗೆ ಬಗ್ಗಿ, ಮೊದಲು ಒಂದು ಸಂದಿಗೆ, ಆಮೇಲೆ ಇನ್ನೊಂದಕ್ಕೆ ಅಂಗೈ ಒಡ್ಡಿ ನಿಂತಿದ್ದಾರೆ. ಬಾರಯ್ಯ, ನೀನೇ ನೋಡಲಿಲ್ಲವಲ್ಲ ಎಂದು ಜನ ಕರೆಯುತ್ತಾರೆ. ಅವರು ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಒಣಗಿದೆ.

ಹತ್ತಿರ ಬಂದ ರಾಧಾಮಣಿ, ಇಲ್ಲೊಂದು ಬೋರ್ಡು ಹಾಕಿಸೋಣ, ನಿಮ್ಮ ಹೆಸರು ಬರೆಸೋಣ ಎನ್ನುತ್ತಾರೆ. ತಿಮ್ಮಯ್ಯನವರು ಬೇಡವೆನ್ನುವಂತೆ ತಲೆಯಾಡಿಸುತ್ತಾರೆ. ತುಸು ಯೋಚಿಸಿ, ಹಾಕಿಸುವುದೇ ಆದರೆ ಅಪ್ಪನ ಹೆಸರು ಹಾಕಿಸಿ ಎನ್ನುತ್ತಾರೆ. ಸಾಲನ್ನು ಬಿಚ್ಚಿ ಹಂಚಿದವರ ಹೆಸರನ್ನೇ ಎಂದು ರಾಧಾಮಣಿ ಅಚ್ಚರಿಪಡುತ್ತಾರೆ.

“ಕೊಟ್ಟಿದ್ದೇನು ತಪ್ಪಲ್ಲ ಕಣವ್ವಾ,” ಎನ್ನುತ್ತಾರೆ ಸಣ್ಣತಿಮ್ಮಯ್ಯ. “ಇನ್ನು ನೀರು ಬರಲ್ಲ ಅಂದ್ಕೊಂಬುಟ್ಟ, ಅದೊಂದೇ.”